ಎಡಗಾಲಿಗೆ ಆರು, ಬಲಗಾಲಿಗೆ ಎಂಟು

ಕಾಕಾ ಅವರ ಶ್ರದ್ಧಾಂಜಲಿ ಸಭೆಯಿಂದ ನಾನು ಅರ್ಧಕ್ಕೇ ಎದ್ದು ಬಂದೆ. ಅಷ್ಟರಲ್ಲಿ ಮೂವರು ಮಾತಾಡಿದ್ದರು. ಮೂವರದೂ ಒಂದೇ ರಾಗ: ಅವರದು ವೈಜ್ಞಾನಿಕ ಮನೋಭಾವ, ಏನಿದ್ದರೂ ಅಳೆದು ನೋಡುವ ಸ್ವಭಾವ, ಮೂಢನಂಬಿಕೆ ಅವರ ಹತ್ತಿರ ಸುಳಿಯುತ್ತಿರಲಿಲ್ಲ. ನಾಲ್ಕನೆಯವರು ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಳ್ಳತೊಡಗಿದಾಗ ನನಗೆ ತಡೆಯಲಾಗಲಿಲ್ಲ. ಸತ್ತವರ ಬಗ್ಗೆ ಒಳ್ಳೆಯ ಮಾತಾಡಬೇಕು, ಒಪ್ಪುತ್ತೇನೆ. ಹಾಗಂತ ಸುಳ್ಳು ಹೇಳಬೇಕೆಂದು ಯಾವ ಶಾಸ್ತ್ರದಲ್ಲೂ ಇಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಆ ಮೂವರೂ ನನ್ನ ಮೇಲೆ ಏರಿ ಬರುತ್ತಾರೆ. ಕಾರ್ಖಾನೆಯಲ್ಲಿ ಮ್ಯಾನೇಜರನಿಂದ ಹಿಡಿದು ಗೇಟಿನವನವರೆಗೆ ಎಲ್ಲರಿಗೂ ಅವರು ಕಾಕಾ. ಧಾರವಾಡದ ಕಡೆಯವರು. ಪುಣೆಯ ಸದಾಶಿವ ಪೇಠೆಯ ಒಂದು ಹಳೆಯ ವಾಡೆಯ ಮೊದಲ ಮಹಡಿಯಲ್ಲಿ ಹೆಂಡತಿಯೊಡನೆ ಇದ್ದರು. ಕುರಕುಂಭದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ತೊಂಬತ್ತರ ದಶಕದ ನಡುವೆ ನಾನು ಬೆಳಗಾವಿಯಿಂದ ಬಂದು ಅದೇ ಕಾರ್ಖಾನೆಯ ಲ್ಯಾಬಿಗೆ ಸೇರಿದೆ.

ಮೊದಲ ದಿನವೇ ಸೇಫ್ಟಿ ಬೂಟು ತೆಗೆದುಕೊಂಡು ಬಾ ಎಂದು ಸ್ಟೋರ್ಸಿಗೆ ಅಟ್ಟಿದರು. ಬೂಟು ಅಂದರೆ ನನಗೆ ಮೈಯುರಿ. ಎರಡು ವರ್ಷದವನಿದ್ದಾಗ ಪೋಲಿಯೊ ಬಂದು ನನ್ನ ಎಡಗಾಲು ಬೆಳೆಯದೆ ಉಳಿದಿದೆ. ಪಾದವೂ ಸಣ್ಣದು, ಕಾಲೂ ತುಸು ಗಿಡ್ಡ. ಬಲಗಾಲಿನ ಅಳತೆಗೆ ಬೂಟು ಕೊಂಡು, ಎಡಗಾಲಿನದರಲ್ಲಿ ಅರಿವೆ ತುರುಕಿಕೊಂಡು ಶಾಲೆ, ಕಾಲೇಜು ಮುಗಿಸಿದವನು ನಾನು. ಈ ಕಾಲಿಗಾಗಿ ಮನೆಯವರು ಹರಕೆ ಹೊರದ ದೇವರಿಲ್ಲ. ಬೆಳ್ಳಿಯ ಪಾದ ಮಾಡಿಸಿ ಹುಂಡಿಗೆ ಹಾಕಿದ್ದಾಯಿತು, ತಾಯತ ಕಟ್ಟಿದ್ದಾಯಿತು, ಯಾರೋ ಹೇಳಿದರೆಂದು ಮೂರು ಅಮಾವಾಸ್ಯೆ ನನ್ನನ್ನು ಹೊಳೆಯ ನೀರಿನಲ್ಲಿ ನಿಲ್ಲಿಸಿದ್ದಾಯಿತು. ಮದುವೆಮನೆಗೆ ಹೋದರೆ ಊಟಕ್ಕೆ ಮೊದಲು ಸಿಗುತ್ತಿದ್ದದ್ದು ‘ಪಾಪ’ ಅನ್ನುವ ಮಾತು. ಆ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ಆಡಿದವರ ಕೆನ್ನೆಗೆ ಎರಡು ಬಾರಿಸೋಣ ಅನ್ನಿಸುತ್ತದೆ.

ಕಾಕಾ ಪಾಪ ಅನ್ನಲಿಲ್ಲ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ತಾವು ನೆಲಕ್ಕೆ ಕುಕ್ಕರಿಸಿ, ನನ್ನ ಎಡಪಾದವನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡರು. ಅಪ್ಪನ ವಯಸ್ಸಿನವರು ಕಾಲು ಮುಟ್ಟಿದರಲ್ಲ ಎಂದು ನಾನು ಹೌಹಾರಿ ಎಳೆದುಕೊಂಡೆ.

“ಸುಮ್ನ ಕೂಡು ತಮ್ಮಾ. ನಾ ನಿನಗ ನಮಸ್ಕಾರ ಮಾಡ್ಲಿಕತ್ತಿಲ್ಲ, ಅಳತಿ ತೊಗೊಳ್ಳಿಕತ್ತೇನಿ,” ಅಂದರು.

ಅಳೆದರು. ನನ್ನ ಕಾರ್ಡಿನ ಮೇಲೆ ‘ಎಡ ಆರು, ಬಲ ಎಂಟು’ ಎಂದು ಬರೆದರು. ಎರಡು ಡಬ್ಬಿ ಒಡೆದು, ಒಂದರಿಂದ ಎಡಗಾಲಿನದು, ಇನ್ನೊಂದರಿಂದ ಬಲಗಾಲಿನದು ತೆಗೆದು ನನ್ನ ಮುಂದಿಟ್ಟರು. ಉಳಿದ ಎರಡನ್ನು ದಾರದಿಂದ ಕಟ್ಟಿ ಮೇಲಿನ ಹಲಗೆಗೆ ಏರಿಸಿದರು. ತಪಾಸಣೆಗೆ ಬಂದವರು ಪ್ರತಿವರ್ಷವೂ ಆ ಬೂಟು ನೋಡಿ ಇದೇನೆಂದು ಕೇಳುತ್ತಿದ್ದರು. “ಅದಕ್ಕ ತಕ್ಕ ಕಾಲಿನವಾ ಇನ್ನೂ ನೌಕರಿಗೆ ಬಂದಿಲ್ರಿ. ಬರತಾನ,” ಎಂದು ಕಾಕಾ ಮುಖದ ಒಂದು ಗೆರೆಯನ್ನೂ ಸಡಿಲಿಸದೆ ಹೇಳುತ್ತಿದ್ದರು. ಒಂದು ಜೋಡಿಯನ್ನು ಒಡೆಯಬಹುದು ಅನ್ನುವ ಇಷ್ಟು ಸಣ್ಣ ಸಂಗತಿ ಇಪ್ಪತ್ತನಾಲ್ಕು ವರ್ಷ ನನ್ನ ಮನೆಯ ಯಾರಿಗೂ ಹೊಳೆದಿರಲಿಲ್ಲ. ಅವತ್ತಿನಿಂದ ಈ ಮನುಷ್ಯ ಹೇಳಿದ್ದೇ ನನಗೆ ವೇದವಾಯಿತು.

ಅವರ ಹತ್ತಿರ ದಪ್ಪ ಗಾಲಿಯ, ಗೇರಿನ ಸೈಕಲ್ ಒಂದಿತ್ತು. ಅಂಥವು ಪುಣೆಯ ಅಂಗಡಿಗಳಲ್ಲಿ ಆಗಷ್ಟೇ ಕಾಣತೊಡಗಿದ್ದವು. ರವಿವಾರ ಬೆಳಗಾದರೆ ನಾಲ್ಕು ಜನರನ್ನು ಕಟ್ಟಿಕೊಂಡು ವೇತಾಳ ಟೇಕಡಿ ಅನ್ನುವ ಗುಡ್ಡದ ಕಲ್ಲುದಾರಿಯಲ್ಲೋ ಸಿಂಹಗಡದ ಬುಡದ ಹಳ್ಳಿಗಳ ಕಡೆಗೋ ಹೊರಡುತ್ತಿದ್ದರು. ನನ್ನನ್ನೂ ಎಳೆದರು. ನಾನು ಕಾಲು ತೋರಿಸಿದೆ. “ಪೆಡಲ್ ತಿರಗತದೋ ಇಲ್ಲೋ? ತಿರಗಿದ್ರ ಆತು,” ಅಂದರು.

ಮೊದಲ ಸಲ ಕಾರ್ಖಾನೆಯ ಸೇಫ್ಟಿ ಬೂಟನ್ನೇ ಹಾಕಿಕೊಂಡು ಹೋದೆ. ನನ್ನ ಅಳತೆಯ ಬೂಟು ಜಗತ್ತಿನಲ್ಲಿ ಇದ್ದದ್ದೇ ಅದೊಂದು. ಟೇಕಡಿಯ ಬುಡದಲ್ಲಿ ಕಾಕಾ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೂಟು ತಪಾಸಣೆ ಮಾಡುತ್ತಿದ್ದರು. ಥಳಥಳ ಹೊಳೆಯುವ ಓಟದ ಬೂಟಿನಲ್ಲಿ ಬಂದ ಒಬ್ಬ ಎಂಜಿನಿಯರನನ್ನು, ಅಟ್ಟೆ ಹಪ್ಪಳದಂತೆ ಮಡಚುತ್ತದೆ ಎಂದು ಅಲ್ಲಿಂದಲೇ ಮನೆಗೆ ಕಳಿಸಿದರು. ನನ್ನ ಸರದಿ ಬಂದಾಗ ಬೂಟಿನ ಮೂತಿಯ ಮೇಲೆ ಬೆರಳಿನಿಂದ ಟಕಟಕ ಬಡಿದರು. ಒಳಗೆ ಉಕ್ಕಿನ ಹಾಳೆ.

“ಇದು ಡ್ರಮ್ ಕಾಲ ಮ್ಯಾಲ ಬಿದ್ರ ಛಲೋ. ಗುಡ್ಡಕ್ಕಲ್ಲ. ಪೆಡಲ್ ಎಲ್ಲೆ ಅದ ಅಂತ ಬೆರಳಿಗೆ ತಿಳಿಬೇಕು. ಇದರಾಗ ಕಾಲು ಕುರುಡ ಆಗತದ,” ಅಂದರು. ಆದರೂ ಅವತ್ತು ನನ್ನನ್ನು ವಾಪಸು ಕಳಿಸಲಿಲ್ಲ. ಅದಕ್ಕೇನು ಕಾರಣವೆಂದು ಅವತ್ತೇ ನಾನು ಕೇಳಬೇಕಿತ್ತು.

ಮರುವಾರ ಬೂಟಿನ ಬೇಟೆ ಶುರುವಾಯಿತು. ಶನಿವಾರ ಹೋಗೋಣವೇ ಎಂದು ನಾನು ಕೇಳಿದರೆ “ಶನಿವಾರ ಬ್ಯಾಡ” ಅಂದುಬಿಟ್ಟರು. ಲಕ್ಷ್ಮೀ ರಸ್ತೆಯ ಗದ್ದಲಕ್ಕೆ ಹೆದರಿ ಹಾಗೆ ಅಂದರು ಎಂದುಕೊಂಡೆ. ನಾನೆಂಥ ಮಂಕು ಅನ್ನುವುದಕ್ಕೆ ಇದೊಂದೇ ಸಾಕು. ಬೇರೆ ದಿನ ಸಂಜೆ ಹೋದೆವು. ಸಂಜೆಯೇ ಯಾಕೆಂದರೆ, “ಮುಂಜಾನಿ ಪಾದ ಸುಳ್ಳು ಹೇಳತದ. ದಿನಾ ದುಡದು ಬಾತ ಮ್ಯಾಲ ಅದರ ಖರೇ ಅಳತಿ ಗೊತ್ತಾಗತದ.” ಸೈಕಲ್ ಮೇಲೆ ಹಾಕುವ ದಪ್ಪ ಕಾಲುಚೀಲವನ್ನೇ ಹಾಕಿಕೊಂಡು ಬರಬೇಕು ಎಂದು ತಾಕೀತು ಬೇರೆ.

ಅವರ ಕೈಯಲ್ಲೊಂದು ಅರಿವೆಯ ಚೀಲ. ಚೀಲದಲ್ಲೊಂದು ಹಳೆಯ ಕಬ್ಬಿಣದ ಪೆಡಲ್. ಅಂಗಡಿಗೆ ಹೊಕ್ಕವರೇ ಅದನ್ನು ನೆಲದ ಫರಸಿಯ ಮೇಲೆ ಇಟ್ಟು, ನನಗೆ ಬೂಟು ತೊಡಿಸಿ, “ಇದರ ಮ್ಯಾಲ ನಿಂದ್ರು” ಅನ್ನುವರು. “ಕಾಕಾ, ಹೇ ಕಾಯ್ ಚಾಲಲಂಯ್?” ಇದೇನು ನಡೆಸಿದ್ದೀರಿ ಎಂದು ಅಂಗಡಿಯವನು ಮರಾಠಿಯಲ್ಲಿ ಗೋಳಾಡುವನು. ಕಾಕಾ ತಮ್ಮ ಕೆಲಸ ಮುಂದುವರಿಸುವರು. ಬೂಟನ್ನು ಕೈಗೆ ತೆಗೆದುಕೊಂಡು ಮುಂದೆ ಹಿಂದೆ ಹಿಡಿದು ಮಡಚುವರು. ನಡುವಿನಲ್ಲಿ ಮಡಚಿದರೆ ಕೆಳಗಿಟ್ಟುಬಿಡುವರು. ಬೆರಳಿನ ಬುಡದಲ್ಲಷ್ಟೇ ಮಣಿಯಬೇಕು, ಪೆಡಲ್ ಮೇಲೆ ಕೂರುವ ಜಾಗ ಗಟ್ಟಿಯಿರಬೇಕು. ಹಾಗಂತ ಪೂರ್ತಿ ಹಲಗೆಯೂ ಆಗಬಾರದು. “ಅರ್ಧಾ ಗುಡ್ಡ ಸೈಕಲ್ ನಮ್ಮನ್ನ ಹೊರತದ, ಅರ್ಧಾ ಗುಡ್ಡ ನಾವ ಸೈಕಲ್ ಹೊರತೇವಿ. ಬೂಟು ಎರಡಕ್ಕೂ ಬರಬೇಕು.” ಏಳನೆಯ ಅಂಗಡಿಯಲ್ಲಿ ಗಡ, ಕೋಟೆ ಹತ್ತುವವರು ಹಾಕುವ ಒಂದು ನಮೂನೆ ಅವರ ಮನಸ್ಸಿಗೆ ಬಂತು. ಆರರದ್ದೊಂದು ಜೋಡಿ, ಎಂಟರದ್ದೊಂದು ಜೋಡಿ ತೆಗೆದುಕೊಂಡೆವು.

ಮುಂದೆ ಮೂರು ವಾರ ಪೇಠೆಯ ಒಬ್ಬ ಮೋಚಿಯ ತಲೆ ತಿಂದರು. ಎಡಗಾಲಿನ ಅಟ್ಟೆಯನ್ನು ಅರ್ಧ ಇಂಚು ಎತ್ತರಿಸಿದರು. ಎರಡರ ಒಳಗೂ ತೆಳ್ಳಗಿನ ನೈಲಾನ್ ತುಂಡು ಕೂರಿಸಿದರು. ಕೆಳಗೆ ಹಳೆಯ ಸ್ಕೂಟರ್ ಟಾಯರಿನ ಪಟ್ಟಿ ಹಚ್ಚಿದರು, ಒದ್ದೆ ಕಲ್ಲಿನ ಮೇಲೂ ಜಾರಬಾರದೆಂದು. ಮೊದಲ ಸಲ ಕಟ್ಟಿಕೊಂಡಾಗ ಲೇಸಿನ ಗಂಟನ್ನು ತಾವೇ ಹೊರಮಗ್ಗುಲಿಗೆ ತಿರುಗಿಸಿ ಸಿಕ್ಕಿಸಿದರು. “ಒಳಮಗ್ಗಲಾಗ ಚೈನು ಬಾಯಿ ತಕ್ಕೊಂಡು ಕೂತಿರತದ.”

ಆ ಬೂಟಿನಲ್ಲಿ ಟೇಕಡಿ ಹತ್ತಿದ ಬೆಳಗನ್ನು ಬರೆಯಲು ಹೋದರೆ ಸಿಟ್ಟು ಇಳಿದುಬಿಡುತ್ತದೆ, ಅದಕ್ಕೆ ಹೆಚ್ಚು ಬರೆಯುವುದಿಲ್ಲ. ಇಷ್ಟು ಹೇಳುತ್ತೇನೆ: ನಡೆದರೆ ಕುಂಟುತ್ತೇನೆ, ಸೈಕಲ್ ಮೇಲೆ ಕುಂಟುವುದಿಲ್ಲ. ಹಿಂದಿನಿಂದ ನೋಡುವವನಿಗೆ ನಾನು ಬರೀ ಒಬ್ಬ ಸೈಕಲ್ ಹೊಡೆಯುವವನು. ಎರಡು ವರ್ಷ ಹಾಗಿದ್ದೆ. ನನ್ನ ಕಾಲನ್ನು ಆರು, ಎಂಟು ಎಂಬ ಎರಡು ಅಂಕಿಗಳನ್ನಾಗಿ ಮಾತ್ರ ನೋಡಿದ ಒಬ್ಬ ಮನುಷ್ಯ ಭೂಮಿಯ ಮೇಲಿದ್ದಾನೆ ಎಂದು ಎದೆ ಸೆಟೆಸಿ ಓಡಾಡಿದೆ.

ಮೂರನೆಯ ವರ್ಷದ ಮಳೆಗಾಲ ಮುಗಿದ ಮೇಲೆ, ಟೇಕಡಿಯ ಹಿಂಬದಿಯ ಇಳಿಜಾರಿನಲ್ಲಿ ಒಂದೇ ತಿರುವಿನಲ್ಲಿ ತಿಂಗಳೊಳಗೆ ಎರಡು ಸಲ ಬಿದ್ದೆ. ಒಮ್ಮೆ ಮಣಿಕಟ್ಟು ಉಳುಕಿತು, ಒಮ್ಮೆ ಮೊಣಕಾಲು ತರಚಿತು. ಬೀಳದವನು ಸೈಕಲ್ಲನ್ನೇ ಹೊಡೆದಿಲ್ಲ ಎಂದುಕೊಂಡು ಬಿಟ್ಟೆ. ಎರಡನೆಯ ಸಲ ಎಡಬೂಟಿನ ಟಾಯರ್ ಪಟ್ಟಿ ಬಿಚ್ಚಿಕೊಂಡಿತ್ತು. “ತಾ ಇಲ್ಲೆ, ಹಚ್ಚಿಸಿ ಇಡತೇನಿ. ರವಿವಾರ ಮುಂಜಾನಿ ಮನಿಗೆ ಬಂದು ತೊಗೊಂಡು ಹೋಗು,” ಎಂದು ಕಾಕಾ ಜೋಡಿಯನ್ನು ಒಯ್ದರು.

ರವಿವಾರ ಬೆಳಗ್ಗೆ ಚಪ್ಪಲಿ ಹಾಕಿಕೊಂಡು, ಸೈಕಲ್ ತಳ್ಳಿಕೊಂಡು ವಾಡೆಗೆ ಹೋದೆ. ಕಾಕಾ ಮೇಲಿನ ಜಗಲಿಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದರು. ಬಹಳ ಸಮಾಧಾನದಲ್ಲಿದ್ದರು.

“ಬೂಟು ಹೋದವು,” ಅಂದರು.

“ಎಲ್ಲಿ ಹೋದವ್ರಿ?”

“ಮಾರುತಿ ಗುಡಿ ಮುಂದ ಬಿಟ್ಟು ಬಂದೆ. ನಿನ್ನಿ ಶನಿವಾರ ಅಲ್ಲೇನು?”

ಶನಿವಾರ ಗುಡಿಯ ಮುಂದೆ ಚಪ್ಪಲಿ ಬಿಟ್ಟು, ಹಿಂದೆ ತಿರುಗಿ ನೋಡದೆ ಬಂದರೆ, ಅದನ್ನು ಒಯ್ದವನ ಜೊತೆ ನಮ್ಮ ಶನಿಯ ಕಾಟವೂ ಹೋಗುತ್ತದೆ ಅನ್ನುವ ನಂಬಿಕೆ ನಮ್ಮೂರ ಕಡೆಯೂ ಇದೆ, ಪುಣೆಯಲ್ಲೂ ಇದೆ. ಜನ ಹರಿದುಹೋದ ಚಪ್ಪಲಿ ಬಿಡುತ್ತಾರೆ. ಕಾಕಾ ಹಾಗೆ ಮಾಡುವವರೇ? ಮೊದಲು ಮೋಚಿಯ ಹತ್ತಿರ ಹೋಗಿ ಪಟ್ಟಿ ಹಚ್ಚಿಸಿ, ಆಮೇಲೆ ಒಯ್ದು ಬಿಟ್ಟಿದ್ದರು. “ಹರಕ ಬೂಟು ಬಿಟ್ರ ದೇವರಿಗೆ ಮೋಸ ಮಾಡಿದಂಗ,” ಎಂದು ನನಗೇ ತಿಳಿಸಿ ಹೇಳಿದರು.

“ನನ್ನ ಬೂಟು ಯಾಕ ಬಿಟ್ರಿ?”

“ನಿನ್ನ ಜನ್ಮತಾರೀಖು ಕಾರ್ಡಿನ್ಯಾಗ ಇತ್ತು. ಜೋತಿಷಿಗೆ ತೋರಿಸಿದೆ. ಸಾಡೇಸಾತಿ ನಡದದ. ತಿಂಗಳದಾಗ ಎರಡು ಸರ್ತಿ ಬಿದ್ದಿ. ಮದಲ ನಿನಗ ಸಣ್ಣಾವ ಇದ್ದಾಗಿಂದ ಆ ಪೀಡಾ...” ಎಂದು ಹೇಳುತ್ತ ನನ್ನ ಎಡಗಾಲಿನ ಕಡೆ ನೋಡಿ ನಿಲ್ಲಿಸಿದರು. “ಹೋಗ್ಲಿ ಬಿಡು. ಇನ್ನೊಂದು ಜೋಡಿ ಮಾಡಸೋಣು.”

ಆ ನೋಟ ನನಗೆ ಗೊತ್ತಿತ್ತು. ಮದುವೆಮನೆಗಳಲ್ಲಿ ನೋಡಿದ್ದೆ, ಹೊಳೆಯ ದಂಡೆಯಲ್ಲಿ ನೋಡಿದ್ದೆ. ಅದು ಪಾಪ ಅನ್ನುವ ನೋಟ. ಮೂರು ವರ್ಷ ಇವರೂ ಹಾಗೇ ನೋಡುತ್ತಿದ್ದರು, ನನಗೆ ಕಾಣಿಸಿರಲಿಲ್ಲ. ಜಾತಕ, ಗೀತಕ ಎಲ್ಲ ಅವರವರ ಹಣೆಬರಹ, ಅದಕ್ಕೆ ನಾನು ಸಿಟ್ಟಾಗುವವನಲ್ಲ. ನನ್ನ ಕಾಲನ್ನು ಅಳತೆ ಮಾಡಿದ ಕೈಯೇ ಅದನ್ನು ಪೀಡೆ ಎಂದು ಗುಡಿಯ ಮುಂದೆ ಎಸೆದು ಬಂತಲ್ಲ, ಅದಕ್ಕೆ ಮೈಯೆಲ್ಲ ಉರಿದುಹೋಯಿತು. ಮೆಟ್ಟಿಲಿಳಿದು ಗುಡಿಗೆ ಹೋದೆ.

ಗುಡಿಯ ಮುಂದಿನ ಅರಳಿಮರದ ಬುಡದಲ್ಲಿ ಹರಿದ ಚಪ್ಪಲಿಗಳ ಗುಡ್ಡೆಯಿತ್ತು. ಹಾಕಿಕೊಳ್ಳಲು ಬರುವಂಥದ್ದನ್ನೆಲ್ಲ ರಾತ್ರಿಯೇ ಯಾರೋ ಒಯ್ದಿದ್ದರು. ನನ್ನ ಬೂಟು ಮಾತ್ರ ಹೊಸ ಪಟ್ಟಿಯೊಡನೆ ಹಾಗೇ ಇದ್ದವು. ಹೂ ಮಾರುವ ಅಜ್ಜಿ ಅವನ್ನೇ ನೋಡುತ್ತ ಕುಳಿತಿದ್ದಳು. ನಾಲ್ಕು ಜನ ಬಂದು ಬಲಗಾಲಿನದನ್ನು ಹಾಕಿ ನೋಡಿ ಖುಷಿಪಟ್ಟರಂತೆ, ಎಡಗಾಲಿನದಕ್ಕೆ ಕಾಲು ಹೊಗದಾಗ, ಬೂಟು ಬಿಟ್ಟುಹೋದವನಿಗೆ ಶಾಪ ಹಾಕಿ ಹೋದರಂತೆ. ಮರಾಠಿಯಲ್ಲಿ ಇಷ್ಟು ಹೇಳಿ ಅಜ್ಜಿ ಹಲ್ಲಿಲ್ಲದ ಬಾಯಿಂದ ನಕ್ಕಳು. ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತು ಬೂಟು ಹಾಕಿಕೊಂಡೆ. ಅಜ್ಜಿಯ ನಗು ನಿಂತುಹೋಯಿತು.

ತಿರುಗಿ ವಾಡೆಗೆ ಹೋದಾಗ ಕಾಕಾ ನನ್ನ ಕಾಲು ನೋಡಿ ಎದ್ದು ನಿಂತರು.

“ಹೊಳ್ಳಿ ತರಬಾರದು ತಮ್ಮಾ. ಬಿಟ್ಟದ್ದನ್ನ ತಂದ್ರ ಎರಡರಷ್ಟು ಆಗಿ ಬರತದ.”

“ಕಾಕಾ, ಒಂದ ಮಾತು ಹೇಳ್ರಿ. ಅವತ್ತ ಕಾರ್ಡಿನ ಮ್ಯಾಲ ಆರು ಎಂಟು ಅಂತ ಬರದ್ರಲಾ, ಆವಾಗ ನಿಮ್ಮ ಮನಸಿನ್ಯಾಗ ಏನಿತ್ತು?”

ಕಾಕಾ ಸುಳ್ಳು ಹೇಳುವವರಾಗಿರಲಿಲ್ಲ. ಒಂದು ಸುಳ್ಳು ಹೇಳಿದ್ದರೆ ಇಬ್ಬರಿಗೂ ಒಳ್ಳೆಯದಾಗುತ್ತಿತ್ತು. “ಆರು ಎಂಟೂ ಇತ್ತು, ಪಾಪ ಅನ್ನೋದೂ ಇತ್ತು,” ಅಂದರು. “ಎರಡೂ ಇದ್ರ ತಪ್ಪೇನದ?”

“ತಪ್ಪದರಿ. ನನಗ ತಪ್ಪದ,” ಅಂದೆ. ಹಿರಿಯರ ಮುಂದೆ ಅಷ್ಟು ದನಿಯೇರಿಸಿ ಅದಕ್ಕೆ ಮೊದಲು ಮಾತಾಡಿದವನಲ್ಲ. ಒಳಗಿನಿಂದ ಅವರ ಹೆಂಡತಿ, ಕಾಕು, ಬಂದು ಬಾಗಿಲಲ್ಲಿ ನಿಂತರು. ನಾನು ಅವರ ಕಡೆಗೂ ನೋಡದೆ ಸೈಕಲ್ ಹತ್ತಿ ನೇರ ಟೇಕಡಿಗೆ ಹೊರಟೆ.

ಹಿಂಬದಿಯ ಇಳಿಜಾರಿನ ಆ ತಿರುವಿಗೆ ಬಂದಾಗ ಹಿಂದೆ ಗೇರಿನ ಸದ್ದು ಕೇಳಿಸಿತು. ಕಾಕಾ ಬಂದಿದ್ದರು. ಅವಸರದಲ್ಲಿ ಮನೆಯ ಚಪ್ಪಲಿಯಲ್ಲೇ ಬಂದಿದ್ದರು, ಜೀವಮಾನವೆಲ್ಲ ಬೂಟು ತಪಾಸಣೆ ಮಾಡಿದ ಮನುಷ್ಯ. ಆ ಕಲ್ಲುದಾರಿಯಲ್ಲಿ ಚಪ್ಪಲಿ ಕಾಲು ಪೆಡಲಿನ ಮೇಲಿಂದ ಜಾರಿ ಜಾರಿ ಹೋಗುತ್ತಿತ್ತು. ನಾನು ನಿಲ್ಲಲಿಲ್ಲ. ಬ್ರೇಕು ಸಡಿಲ ಬಿಟ್ಟು, ತೂಕ ಹಿಂದಕ್ಕೆ ಹಾಕಿ, ಎರಡು ಸಲ ಬಿದ್ದ ಕಲ್ಲಿನ ಪಕ್ಕದಲ್ಲೇ ಇಳಿದೆ. ಎಡಬೂಟಿನ ಹೊಸ ಪಟ್ಟಿ ಪೆಡಲ್ ಹಿಡಿದು ಕೂತಿತ್ತು. ಬೀಳಲಿಲ್ಲ. ಕೆಳಗೆ ನಿಂತು ತಿರುಗಿ ನೋಡಿದರೆ ಕಾಕಾ ಮೇಲೆಯೇ ಸೈಕಲ್ಲಿಂದ ಇಳಿದು ನಿಂತಿದ್ದರು. ಅವರ ಹೆಬ್ಬೆರಳಿನಿಂದ ರಕ್ತ ಬರುತ್ತಿದ್ದದ್ದು ಅಷ್ಟು ದೂರಕ್ಕೂ ಕಾಣುತ್ತಿತ್ತು. ಹತ್ತಿ ಹೋಗಿ ಕೈ ಹಿಡಿಯಬಹುದಿತ್ತು. ಹೋಗಲಿಲ್ಲ. ಗೆದ್ದೆ ಎಂದುಕೊಂಡು ಮನೆಗೆ ಹೋದೆ.

ಆಮೇಲೆ ಕಾರ್ಖಾನೆಯಲ್ಲಿ ಕೆಲಸಕ್ಕೆ ತಕ್ಕಷ್ಟೇ ಮಾತು. ಕಂಪನಿಯ ಬಸ್ಸಿನಲ್ಲಿ ಅವರು ಮುಂದೆ ಕೂತರೆ ನಾನು ಹಿಂದೆ. ಕೆಲವು ವರ್ಷಕ್ಕೆ ಅವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ನಾನು ರಜೆ ಹಾಕಿದೆ. ಮುಂದೆ ನಾನೂ ಆ ನೌಕರಿ ಬಿಟ್ಟು ವಿಮಾನ ನಗರದ ಒಂದು ಆಫೀಸಿಗೆ ಸೇರಿದೆ. ಹೊಸ ಹುಡುಗರು ದುಬಾರಿ ಸೈಕಲ್ ಕೊಂಡು ಬಂದು ಗುಡ್ಡಕ್ಕೆ ಎಂಥ ಬೂಟು ತೊಗೊಳ್ಳಲಿ ಎಂದು ನನ್ನನ್ನು ಕೇಳುತ್ತಾರೆ. ಸಂಜೆ ಹೋಗಿ ಕೊಳ್ಳಿ, ನಡುವೆ ಮಡಚಿ ನೋಡಿ, ನಡೆಯಲೂ ಬರಬೇಕು ಎನ್ನುತ್ತೇನೆ. ಮಾತೆಲ್ಲ ಅವರದೇ. ಅವರ ಹೆಸರು ಮಾತ್ರ ಒಂದು ದಿನವೂ ಹೇಳಲಿಲ್ಲ.

ಸಭೆಯಿಂದ ಎದ್ದು ಬಂದದ್ದು ಶನಿವಾರ ಸಂಜೆ. ಅವರು ತೀರಿಕೊಂಡು ಆಗಲೇ ಒಂದೂವರೆ ತಿಂಗಳಾಗಿತ್ತು. ಮನೆಗೆ ಹೋಗಿ ಕಾಕು ಅವರ ಮುಖ ನೋಡಿ ಬರಲಿಲ್ಲವಲ್ಲ ಎಂದು ಕೆಡುಕೆನಿಸಿ ಮರುದಿನ ಹೋದೆ. ಹನ್ನೊಂದು ವರ್ಷದ ಮೇಲೆ ಆ ಮೆಟ್ಟಿಲು ಹತ್ತಿದ್ದೆ.

ಕಾಕು ಅಳಲಿಲ್ಲ, ದೂರಲಿಲ್ಲ. “ಆರಾಮ ಇದ್ದೀಯಲ್ಲಾ?” ಎಂದು ಮೂರು ಸಲ ಕೇಳಿದರು. ಆರಾಮ ಇದ್ದೇನೆ ಅಂದೆ. “ಇರತಿ. ಅವರು ಬಿಟ್ಟಿಲ್ಲಲಾ,” ಅಂದರು.

ಏನು ಬಿಟ್ಟಿಲ್ಲ ಎಂದು ಕೇಳಿದೆ.

“ನೀ ಬೂಟು ಹೊಳ್ಳಿ ತಂದ್ಯಲ್ಲಾ, ಅವತ್ತಿಂದ ಭಾಳ ಹೆದರಿದ್ರು. ಮುಂದಿನ ಶನಿವಾರದಿಂದ ಮಾರುತಿಗೆ ನಿನ್ನ ಹೆಸರಲೇ ಎಣ್ಣಿ ಹಾಕಲಿಕ್ಕೆ ಸುರು ಮಾಡಿದ್ರು. ಒಂದ ಶನಿವಾರ ತಪ್ಪಿಸಿಲ್ಲ. ಹಾಸಿಗಿ ಹಿಡದಾಗ ನನ್ನ ಕಳಸ್ತಿದ್ರು.”

ನನ್ನ ಹನ್ನೊಂದು ವರ್ಷ. ನನ್ನ ಮುರಿಯದ ಕೈಕಾಲು, ಸೋಲಾಪುರ ರಸ್ತೆಯಲ್ಲಿ ಲಾರಿ ಒಂದು ಗೇಣಿನಲ್ಲಿ ತಪ್ಪಿದ್ದು, ಲ್ಯಾಬಿನಲ್ಲಿ ಬೆಂಕಿ ಹತ್ತಿದ ದಿನ ನಾನು ಹೊರಗೆ ಚಹಾಕ್ಕೆ ಹೋಗಿದ್ದದ್ದು, ಎಲ್ಲದಕ್ಕೂ ಈ ಮನುಷ್ಯ ಎಣ್ಣೆ ಹಾಕಿಕೊಂಡು ಕುಳಿತಿದ್ದ. ಪಾಪ ಅನ್ನಬೇಡಿ ಎಂದು ಮುಖಕ್ಕೆ ಹೇಳಿ ಬಂದರೆ, ನನಗೆ ತಿಳಿಯದಂತೆ ವಾರಕ್ಕೊಮ್ಮೆ ಅಂದಿದ್ದ. ಎದುರಿಗಿದ್ದಿದ್ದರೆ ಅವತ್ತು ಇನ್ನೊಂದು ಜಗಳ ಆಗುತ್ತಿತ್ತು. ಮೈ ಉರಿದು, ಕುತರ್ಕ ಮಾಡಲು ಒಂದು ಮಾತು ಸಿಕ್ಕಿತು.

“ಕಾಕು, ಸಾಡೇಸಾತಿ ಅಂದ್ರ ಏಳೂವರಿ ವರ್ಷ ಅಲ್ಲೇನ್ರಿ? ಯಾವಾಗೋ ಮುಗದಿರಬೇಕಲಾ.”

“ಮುಗದದ. ಅವರಿಗೂ ಗೊತ್ತಿತ್ತು. ಬಿಡಲಿಕ್ಕೆ ಧೈರ್ಯ ಆಗಲಿಲ್ಲ,” ಅಂದರು. ಮತ್ತೆ, “ಇನ್ನ ನೀನ ಹಾಕಬೇಕು ನೋಡಪಾ,” ಅಂದರು.

“ನಾ ಹಾಕಂಗಿಲ್ರಿ,” ಅಂದೆ. ದನಿ ಗಡುಸಾಗಿಯೇ ಬಂತು. ಅದರ ಬಗ್ಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಕಾಕು ತಲೆಯಾಡಿಸಿದರು. ಸಿಟ್ಟಾಗಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ.

“ಗೊತ್ತಿತ್ತು,” ಅಂದರು. “ಅದಕ್ಕ ನಿನ್ನಿನೂ ನಾನ ಹೋಗಿ ಹಾಕಿ ಬಂದೆ. ಮುಂದಿನ ಶನಿವಾರದ್ದೂ ನೀ ಚಿಂತಿ ಮಾಡಬ್ಯಾಡ.”